ತೂತಿನ ಮೇಲಿನ ಕಾಗದ

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಅತ್ತಿಗೆ ಟೊಮೆಟೊ ಸಸಿಗಳಿಗೆ ಲೋಟದಲ್ಲಿ ಅಳೆದು ನೀರು ಹಾಕುತ್ತಿದ್ದಳು.

ಅವನು ನರ್ಸರಿಯ ಎರಡನೇ ಶೆಡ್ಡಿನ ಬಾಗಿಲಲ್ಲೇ ನಿಂತ. ಸ್ಟೀಲಿನ ಲೋಟ, ಮನೆಯದು. ಅದರ ಒಳಮೈಯಲ್ಲಿ ಅರ್ಧಕ್ಕೆ ಸರಿಯಾಗಿ ಅವಳು ಅವನ ಹೆಂಡತಿಯ ಉಗುರಿನ ಬಣ್ಣದಿಂದ ಒಂದು ಕೆಂಪು ಗೆರೆ ಎಳೆದುಕೊಂಡಿದ್ದಳು. ಬಕೆಟ್ಟಿನಲ್ಲಿ ಅದ್ದುವುದು, ಕಣ್ಣಿನ ಹತ್ತಿರ ತಂದು ಗೆರೆ ನೋಡುವುದು, ಹೆಚ್ಚಾದದ್ದನ್ನು ಚೆಲ್ಲುವುದು, ಒಂದು ಕುಂಡಕ್ಕೆ ಹಾಕುವುದು, ಮತ್ತೆ ಅದ್ದುವುದು. ಇಪ್ಪತ್ತೆರಡು ವರ್ಷ ಅವಳು ಇದೇ ಕೆಲಸವನ್ನು ಜಾಲರಿ ಮೂತಿಯ ಕ್ಯಾನಿನಲ್ಲಿ, ನಡೆಯುತ್ತಲೇ, ಯಾರದೋ ಮಗಳ ಬಾಣಂತನದ ಸುದ್ದಿ ಹೇಳುತ್ತಲೇ ಮಾಡಿದ್ದಳು. ನಲವತ್ತು ಕುಂಡಗಳ ಒಂದು ಟ್ರೇಗೆ ಒಂದೂಕಾಲು ನಿಮಿಷ ಹಿಡಿಯುತ್ತಿತ್ತು. ಈಗ ಹನ್ನೊಂದು ನಿಮಿಷ. ಅವನು ಗಡಿಯಾರ ಹಿಡಿದು ನೋಡಿದ್ದ. ಹೀಗೆ ಎಲ್ಲವನ್ನೂ ಅಳೆಯುತ್ತಾನೆಂದೇ ಸಸಿ ವಿಭಾಗದ ಮೇಲ್ವಿಚಾರಕನಾದ ಅವನಿಗೆ ಕೆಲಸದವರು ತಕ್ಕಡಿ ಎಂದು ಹೆಸರಿಟ್ಟಿದ್ದರು. ಅತ್ತಿಗೆಯೂ ಹಿಂದಿನಿಂದ ಹಾಗೇ ಕರೆಯುತ್ತಾಳೆಂದು ಅವನಿಗೆ ಗೊತ್ತಿತ್ತು. ಅವಳ ಬಾಯಲ್ಲಿ ಅದು ಬೈಗುಳವಾಗಿ ಕೇಳುತ್ತಿರಲಿಲ್ಲ.

“ಅತ್ತಿಗೆ, ಕ್ಯಾನ್ ಎಲ್ಲಿ?” ಎಂದ.

“ಅಲ್ಲೇ ಮೂಲೇಲಿದೆ. ಕಾಲು ಬಂದು ಓಡಿ ಹೋಗಿಲ್ಲ.” ಅವಳು ತಲೆ ಎತ್ತಲಿಲ್ಲ. “ಹನ್ನೊಂದು ಗಂಟೆಗೆ ನಿಮ್ಮ ಮೇಡಂ ಬರ್ತಾರಲ್ಲ, ಅಲ್ಲೀವರೆಗಾದ್ರೂ ಒಂದು ತೊಟ್ಟು ಹೆಚ್ಚಾಗದ ಹಾಗೆ ಹಾಕ್ತೀನಿ. ಆಮೇಲೆ ಅವರು ಹೇಳಿದ ಹಾಗೆ.”

ಹನ್ನೊಂದು ಗಂಟೆಗೆ ನರ್ಸರಿಯ ಒಡತಿ ಬಂದು, ಅವನು ಬರೆದಿಟ್ಟ ವರದಿ ಓದಿ, ಅತ್ತಿಗೆಯನ್ನು ನೀರಿನ ಕೆಲಸದಲ್ಲಿ ಇಟ್ಟುಕೊಳ್ಳುವುದೋ ಹಳೆಯ ಕುಂಡ ತೊಳೆಯುವ ತೊಟ್ಟಿಯ ಹತ್ತಿರ ಕಳಿಸುವುದೋ ತೀರ್ಮಾನಿಸುವವಳಿದ್ದಳು. ವರದಿ ಅವನ ಅಂಗಿಯ ಜೇಬಿನಲ್ಲಿತ್ತು. ಒಂದೇ ಹಾಳೆ. ಹದಿನೆಂಟು ದಿನಗಳ ಹಿಂದೆ ಎರಡನೇ ಶೆಡ್ಡಿನ ಸಾವಿರದ ನಾನೂರ ನಲವತ್ತು ಸಸಿಗಳ ಪೈಕಿ ಸಾವಿರದ ನೂರ ಹನ್ನೆರಡು ಸತ್ತವು. ಕಾಂಡ ಮಣ್ಣಿನ ಮಟ್ಟದಲ್ಲಿ ಕಪ್ಪಾಗಿ ಬಾಗಿತ್ತು. ಕಾರಣ, ಕುಂಡದಲ್ಲಿ ನೀರು ಹೆಚ್ಚಾದದ್ದು. ನೀರು ಹಾಕುವ ಹೊಣೆ ಇದ್ದದ್ದು ಇಂಥವರಿಗೆ. ನಾಲ್ಕು ವಾಕ್ಯ, ಒಂದರಲ್ಲೂ ಸುಳ್ಳಿರಲಿಲ್ಲ. ಬರೆಯುವಾಗ ಅವನು ಒಂದೊಂದನ್ನೂ ಎರಡೆರಡು ಸಲ ಪರೀಕ್ಷಿಸಿದ್ದ. ನೀರು ಹೆಚ್ಚಾಗಿತ್ತು, ನಿಜ. ಏಕೆ ಹೆಚ್ಚಾಯಿತು ಎಂದು ಯಾರೂ ಕೇಳಿರಲಿಲ್ಲ.

ಮಣ್ಣು ತುಂಬುವ ಕಟ್ಟೆಯ ಹತ್ತಿರ ಬಂದ. ಮಣ್ಣಿನವನು ಆಗಲೇ ಗುಡ್ಡೆ ಹಾಕಿ, ನೀರು ಚಿಮುಕಿಸಿ, ಕಲಸುತ್ತಿದ್ದ. ಒಂದು ಹಿಡಿ ಎತ್ತಿ ಹಿಸುಕಿದ; ಉಂಡೆಯಾಯಿತು. ಹೆಬ್ಬೆರಳಿನಿಂದ ಮುಟ್ಟಿದ, ಒಡೆಯಿತು. ಕುಂಡದ ತಳದ ಮೂರು ತೂತುಗಳ ಮೇಲೆ ಒಂದು ಒಣ ಎಲೆ ಇಟ್ಟ, ಉಂಡೆ ಒಡೆದು ಹಾಕಿದ, ಕಟ್ಟೆಗೆ ಒಮ್ಮೆ ಕುಟ್ಟಿದ. ಚಿಟಿಕೆಯಷ್ಟು ಮಣ್ಣು ತೂತಿನಿಂದ ಜಾರಿ ಕಟ್ಟೆಯ ಮೇಲೆ ಬಿತ್ತು.

“ಬಿತ್ತು ಸಾರ್,” ಎಂದ ಮಣ್ಣಿನವನು. “ತೂಗ್ತೀರಾ?”

ಅವನು ನಕ್ಕ. ನಗಬೇಕಾಗಿತ್ತು. ಎಲೆ ಇಡುವುದು ಅತ್ತಿಗೆಯ ಪದ್ಧತಿ. ಎಲೆ ಇಲ್ಲದ ಕಾಲದಲ್ಲಿ ಹಳೆಯ ಪತ್ರಿಕೆಯ ಒಂದು ಚೂರು. ಒಂದೇ ಪದರ, ಎರಡು ಹಾಕಿದರೆ ಕೈಗೆ ಏಟು ಕೊಡುತ್ತಿದ್ದಳು. ‘ಬೇರು ಕೆಳಗಿಳಿಯೋ ಹೊತ್ತಿಗೆ ಕಾಗದ ಕರಗಿರಬೇಕು. ಸ್ವಲ್ಪ ಮಣ್ಣು ಬೀಳತ್ತೆ, ಬೀಳಲಿ. ಮಳೆಗಾಲದಲ್ಲಿ ಮನೆ ಒಳಗೆ ಒಂದು ಹೆಜ್ಜೆ ಕೆಸರು ಬರೋದಿಲ್ವಾ, ಅದಕ್ಕೆ ಬಾಗಿಲು ಗೋಡೆ ಕಟ್ಟಿ ಮುಚ್ತೀವಾ?’ ಅವನಿಗೆ ಅದು ಮಾತಿನ ಚಂದವಾಗಿ ಮಾತ್ರ ಕೇಳಿತ್ತು. ಅವನಿಗೆ ಕಾಣುತ್ತಿದ್ದದ್ದು ಕಟ್ಟೆ, ನೆಲ, ಟ್ರೇ, ವ್ಯಾನಿನ ತಳ, ಎಲ್ಲ ಕಡೆ ಉದುರಿದ ಮಣ್ಣು. ಆಮೇಲೆ ಒಂದು ದಿನ ಆ ತಿಳಿ ಬಣ್ಣದ ಕಾರು. ಗಿರಾಕಿ ಹನ್ನೆರಡು ಕುಂಡಗಳನ್ನು ಹಿಂದಿನ ಸೀಟಿನ ಮೇಲಿಟ್ಟುಕೊಂಡು ಗೇಟು ದಾಟಿದವನು ತಿರುಗಿ ಬಂದ. ‘ಇದೇನ್ರೀ, ಗಿಡ ಮಾರ್ತೀರೋ ಕೆಸರು ಮಾರ್ತೀರೋ?’ ಒಡತಿ ಕಚೇರಿಯಿಂದ ಹೊರಗೆ ಬಂದು, ಬೈಯಲಿಲ್ಲ. ಅವನ ಕಡೆ ನೋಡಿ, ‘ನಿಮ್ಮ ಹತ್ರ ಕರ್ಚೀಫ್ ಇದೆಯಾ?’ ಎಂದಳು. ಇತ್ತು. ಅವನು ಕಾರಿನೊಳಗೆ ಅರ್ಧ ದೇಹ ತೂರಿಸಿ, ಹಿಂಭಾಗ ಇಡೀ ನರ್ಸರಿಗೆ ಕಾಣುವಂತೆ ಬಾಗಿ, ಸೀಟು ಒರೆಸಿದ. ಒರೆಸಿದಷ್ಟೂ ಹರಡಿತು. ಹೊರಗೆ ಬಂದಾಗ ಯಾರೂ ನಗುತ್ತಿರಲಿಲ್ಲ, ನಕ್ಕು ಮುಗಿಸಿದ್ದರು.

ಮರುದಿನವೇ ಅವನು ಉದುರಿದ ಮಣ್ಣನ್ನೆಲ್ಲ ಗುಡಿಸಿಸಿ ತೂಗಿದ. ದಿನಕ್ಕೆ ಹನ್ನೊಂದು ಕಿಲೋ ಇನ್ನೂರು ಗ್ರಾಂ. ಉಗ್ರಾಣದಲ್ಲಿ ಹಿಂದಿನ ವರ್ಷದ ಬಣ್ಣದ ಕ್ಯಾಟಲಾಗಿನ ಆರು ಕಟ್ಟು ಬಿದ್ದಿದ್ದವು. ಫೋನ್ ನಂಬರು ತಪ್ಪಾಗಿ ಅಚ್ಚಾಗಿ ಹಂಚದೆ ಉಳಿದವು. ದಪ್ಪ, ನುಣುಪು, ಹೊಳಪಿನ ಕಾಗದ. ಒಂದು ಕಬ್ಬಿಣದ ಪೈಪಿನ ತುಂಡಿನ ಅಂಚು ಮಸೆದು, ಹಾಳೆಗಳ ಮೇಲಿಟ್ಟು ಸುತ್ತಿಗೆಯಿಂದ ಹೊಡೆದು, ಕುಂಡದ ತಳಕ್ಕೆ ಸರಿಯಾಗಿ ಕೂರುವ ಬಿಲ್ಲೆಗಳನ್ನು ಕತ್ತರಿಸಿದ. ಎಲೆಯ ಹಾಗೆ ಅಲ್ಲಿ ಇಲ್ಲಿ ಸಂದು ಬಿಡದೆ, ಗೋಡೆಯಿಂದ ಗೋಡೆಗೆ ಕೂತವು. ಎರಡು ಸಂಜೆ ಅವನೊಬ್ಬನೇ ಕೂತು ಕತ್ತರಿಸಿದ. ಬಿಲ್ಲೆಯಲ್ಲಿ ಒಮ್ಮೊಮ್ಮೆ ಅರ್ಧ ಗುಲಾಬಿ ಬರುತ್ತಿತ್ತು, ಒಮ್ಮೊಮ್ಮೆ ಬರೀ ಆಕಾಶ. ಅಷ್ಟು ಸಂತೋಷದಿಂದ ಅವನು ಬಹಳ ದಿನಗಳಿಂದ ಏನನ್ನೂ ಮಾಡಿರಲಿಲ್ಲ. ಮೊದಲ ದಿನ ಉದುರಿದ ಮಣ್ಣು ಮುನ್ನೂರು ಗ್ರಾಂ. ಅದನ್ನು ಕಪ್ಪು ಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆದ. ಒಡತಿ ನೋಡಿ, ‘ಭೇಷ್’ ಎಂದಳು.

“ಸಾರ್, ಕಾಲು,” ಎಂದ ಮಣ್ಣಿನವನು. ನೆನಪಿನಲ್ಲಿ ಮುಳುಗಿ ಅವನು ಮಣ್ಣಿನ ಗುಡ್ಡೆಯ ಅಂಚನ್ನು ತುಳಿದು ನಿಂತಿದ್ದ.

ಕುಂಡ ಭಾರ ಇದೆ ಎಂದು ಅತ್ತಿಗೆ ಹೇಳಿದ್ದಳು. ಅದು ಬಿಲ್ಲೆ ಹಾಕಿದ ಆರನೇ ದಿನವೋ ಏಳನೇ ದಿನವೋ. ಈ ಒಂದು ದಿನಾಂಕ ಮಾತ್ರ ಅವನಿಗೆ ಖಚಿತವಿಲ್ಲ. ಅತ್ತಿಗೆ ನೀರು ಹಾಕುವ ಮುಂಚೆ ಟ್ರೇಯ ಮೂಲೆಯ ಒಂದು ಕುಂಡವನ್ನು ಎತ್ತಿ ನೋಡುತ್ತಿದ್ದಳು, ಮಗುವನ್ನು ಎತ್ತಿ ‘ಇಳಿದು ಹೋಗಿದೆ’ ಎನ್ನುವವರ ಹಾಗೆ. ಆ ದಿನ ಎತ್ತಿ, ಇಟ್ಟು, ಇನ್ನೊಂದನ್ನು ಎತ್ತಿ, ಅವನನ್ನು ಕರೆದು, ‘ಭಾರ ಇದೆ ನೋಡು. ನಿನ್ನೆ ನೀರು ಇನ್ನೂ ಕೂತಿರೋ ಹಾಗಿದೆ’ ಎಂದಳು. ಸುತ್ತ ನಾಲ್ಕು ಜನ ಇದ್ದರು. ಅವನು ಹಲಗೆಯ ಮೇಲಿನ ಮುನ್ನೂರು ಗ್ರಾಮಿನ ಖುಷಿಯಲ್ಲಿದ್ದ. ‘ಕುಂಡ ಅಷ್ಟೇ ಇದೆ ಅತ್ತಿಗೆ, ನಿನ್ನ ಕೈಗೆ ವಯಸ್ಸಾಯ್ತು’ ಎಂದ. ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕಳು. ನಕ್ಕು, ತನ್ನ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, ಕ್ಯಾನ್ ಎತ್ತಿಕೊಂಡಳು.

ಸಸಿಗಳು ಬಿದ್ದ ದಿನ ಒಡತಿ ಶೆಡ್ಡಿನ ನಡುವೆ ನಿಂತು ‘ನೀರು ಹಾಕಿದ್ದು ಯಾರು?’ ಎಂದಾಗ ಅತ್ತಿಗೆ ಶಾಲೆಯ ಮಗುವಿನ ಹಾಗೆ ಕೈ ಎತ್ತಿದಳು. ‘ನಾನೇ. ನನ್ನಿಂದಲೇ ಆಗಿರಬೇಕು.’ ಅಷ್ಟು ಹೊತ್ತಿಗೆ ಕಾರಣ ಅವನಿಗೂ ಗೊತ್ತಿರಲಿಲ್ಲ. ಇದನ್ನು ಅವನು ತನಗೆ ತಾನೇ ಹಲವು ಸಲ ಹೇಳಿಕೊಂಡಿದ್ದಾನೆ, ಇದು ನಿಜ ಕೂಡ. ಗೊತ್ತಾದದ್ದು ಮರುದಿನ. ಸತ್ತ ಒಂದು ಕುಂಡವನ್ನು ಬೋರಲು ಹಾಕಿ ತಟ್ಟಿದ. ಮಣ್ಣು ಅಚ್ಚಿನಂತೆ ಇಡಿಯಾಗಿ ಹೊರಬಂತು. ಮೇಲೆ ಹಸಿ, ಕೆಳಗೆ ಕೊಳಚೆ, ಹುಳಿ ವಾಸನೆ. ತಳದಲ್ಲಿ ಬಿಲ್ಲೆ, ಹಾಕಿದಾಗ ಹೇಗಿತ್ತೋ ಹಾಗೇ ಇತ್ತು. ಅದನ್ನು ಎತ್ತಿದರೆ ಅಡಿಯಲ್ಲಿ ಒಂದು ಚಮಚದಷ್ಟು ನೀರು ಅಲುಗಾಡಿತು. ಅವನು ಸುತ್ತ ನೋಡಿದ. ಆಮೇಲೆ, ಬೇರೆಯವರಿಗೆ ಯಾಕೆ ತೊಂದರೆ ಎಂದು ಹೇಳಿ, ಸಾವಿರದ ನೂರ ಹನ್ನೆರಡು ಕುಂಡಗಳನ್ನೂ ಮೂರು ಮಧ್ಯಾಹ್ನ ಒಬ್ಬನೇ ಗೊಬ್ಬರದ ಗುಂಡಿಗೆ ಬಗ್ಗಿಸಿದ. ಬದುಕಿ ಉಳಿದವುಗಳಿಗೆ ಕುಂಡ ಬದಲಿಸಿ ಪತ್ರಿಕೆಯ ಚೂರು ಹಾಕಿದ. ಮಿಕ್ಕ ಬಿಲ್ಲೆಗಳನ್ನು ಸುಟ್ಟ. ‘ಸಾಹೇಬರಿಗೆ ಅತ್ತಿಗೆ ಮೇಲೆ ಎಷ್ಟು ಅಕ್ಕರೆ, ಸತ್ತ ಗಿಡಾನೂ ಅವರ ಕಣ್ಣಿಗೆ ಬೀಳಬಾರದು’ ಎಂದ ಮಣ್ಣಿನವನು.

ನನ್ನಿಂದಲೇ ಆಗಿರಬೇಕು. ಈ ಮಾತನ್ನು ಅವನು ಮೊದಲು ಕೇಳಿದ್ದು ಒಂಬತ್ತನೇ ವಯಸ್ಸಿನಲ್ಲಿ. ಅಣ್ಣನ ಮದುವೆಯಾಗಿ ತಿಂಗಳಾಗಿರಲಿಲ್ಲ. ಅತ್ತಿಗೆಗೆ ಹದಿನೇಳೋ ಹದಿನೆಂಟೋ. ಅವನು ಹಿತ್ತಿಲ ನಲ್ಲಿ ತಿರುಗಿಸಿ, ನೀರು ಬಾರದಿದ್ದಾಗ ಹಾಗೇ ಬಿಟ್ಟು ಆಡಲು ಹೋಗಿದ್ದ. ಆಮೇಲೆ ನೀರು ಬಂದು, ಮೆಟ್ಟಿಲು ದಾಟಿ, ಕೋಣೆಯ ನೆಲದ ಮೇಲಿಟ್ಟ ಅಕ್ಕಿಯ ಮೂಟೆಗಳಿಗೆ ಹೊಕ್ಕಿತ್ತು. ನಲ್ಲಿ ಬಿಟ್ಟದ್ದು ಯಾರೆಂದು ಅಮ್ಮ ನಡುಮನೆಯಲ್ಲಿ ನಿಂತು ಕೇಳಿದಳು. ಹೊಸ ಸೊಸೆ ಬೆಳಿಗ್ಗೆಯಿಂದ ತಾನು ಏನೇನು ಮುಟ್ಟಿದೆ ಎಂದು ಒಂದೊಂದಾಗಿ ನೆನಪಿಸಿಕೊಂಡು, ‘ನನ್ನಿಂದಲೇ ಆಗಿರಬೇಕು ಅತ್ತೆ’ ಎಂದಳು. ಅವನು ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದ. ಅಂದು ಅವಳು ಕೊನೆಗೆ ಉಂಡಳು. ಉಣ್ಣುವಾಗ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ತುತ್ತು ಕೊಟ್ಟಳು, ಅವನು ಅತ್ತದ್ದು ತನಗಾಗಿ ಎಂದು ತಿಳಿದು.

ಅಮ್ಮ ಹೋದ ಮೇಲೆ ಅವನನ್ನು ಬೆಳೆಸಿದವಳು ಅವಳೇ. ಅಣ್ಣ ಹೋದ ಮೇಲೂ ಅವಳು ಅದೇ ಮನೆಯಲ್ಲಿ ಉಳಿದಳು. ಮಗಳ ಮನೆ ಪೇಟೆಯ ಇನ್ನೊಂದು ತುದಿಯಲ್ಲಿತ್ತು. ‘ಬಾ’ ಎಂದರೆ, ‘ಇವನಿಗೆ ಊಟದ ಹೊತ್ತು ಯಾರು ನೆನಪು ಮಾಡ್ತಾರೆ’ ಎನ್ನುತ್ತಿದ್ದಳು. ಅವನಿಗೆ ಹೆಂಡತಿ ಬಂದು ಹದಿನಾಲ್ಕು ವರ್ಷವಾಗಿತ್ತು. ನಿನ್ನೆ ಆ ಹೆಂಡತಿಯೇ ಹೇಳಿದಳು: “ಅಕ್ಕ ಸಾರಿಗೆ ಉಪ್ಪು ಹಾಕೋಕೂ ಚಮಚ ಕೇಳ್ತಾರೆ ರೀ. ಹಾಕಿ, ಮತ್ತೆ ನನ್ನ ಕರೆದು, ರುಚಿ ನೋಡು ಅಂತಾರೆ. ಮೂವತ್ತೈದು ವರ್ಷ ಕಣ್ಣು ಮುಚ್ಚಿ ಹಾಕಿದ ಕೈ.” ಮೊನ್ನೆ ಅತ್ತಿಗೆ ಅವನನ್ನೇ ಕೇಳಿದ್ದಳು. “ಕಣ್ಣಿಗೆ ಡಾಕ್ಟರು ಇರ್ತಾರೆ, ಹಲ್ಲಿಗೆ ಇರ್ತಾರೆ. ಕೈಗೆ ಅಂತ ಇರ್ತಾರಾ?” ತಮಾಷೆ ಮಾಡುತ್ತಿದ್ದಾಳೆಂದುಕೊಂಡು ಅವನು ಮುಖ ನೋಡಿದ. ತಮಾಷೆಯಾಗಿರಲಿಲ್ಲ.

ಹತ್ತೂವರೆಗೆ ಅವನು ವರದಿಯನ್ನು ತೆಗೆದು ಮತ್ತೆ ಓದಿದ. ಐದನೇ ವಾಕ್ಯಕ್ಕೆ ಜಾಗವಿತ್ತು. ಪೆನ್ನು ತೆರೆದ. ‘ತಳಕ್ಕೆ ಹಾಕಿದ ಕಾಗದದಿಂದ’ ಎಂದು ಬರೆದು ನಿಂತ. ಹಾಕಿದ್ದು ಯಾರು ಎಂಬ ಪದ ಇಲ್ಲದೆಯೂ ಆ ವಾಕ್ಯ ಮುಗಿಯುತ್ತಿತ್ತು. ‘ಹಾಕಲಾಗಿದ್ದ’ ಎಂದರೆ ಸಾಕು. ಹಾಗೆ ಮುಗಿಯುವುದನ್ನು ಕಂಡೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಹಾಳೆಯನ್ನು ಮಡಚಿದ. ಹೇಳಿಬಿಡುತ್ತೇನೆ, ಬಾಯಿಬಿಟ್ಟು ಹೇಳಿಬಿಡುತ್ತೇನೆ ಎಂದುಕೊಂಡ. ಅಂದುಕೊಂಡ ತಕ್ಷಣ ಎಷ್ಟು ಹಗುರಾಯಿತೆಂದರೆ, ಹೇಳಿ ಆಗಿಯೇ ಹೋಯಿತೇನೋ ಎಂಬಂತೆ ಮೂತ್ರಕ್ಕೆ ಹೋಗಿ ಬಂದು, ತಲೆ ಬಾಚಿಕೊಂಡ.

ಕಚೇರಿಯಲ್ಲಿ ಒಡತಿ ಫೋನಿನಲ್ಲಿದ್ದಳು. ಅತ್ತಿಗೆ ಕುರ್ಚಿ ತೋರಿಸಿದರೂ ಕೂರದೆ, ಸೀರೆಯ ಒದ್ದೆ ನೆರಿಗೆ ಹಿಡಿದು ಗೋಡೆಗೆ ಒತ್ತಿ ನಿಂತಿದ್ದಳು. ಒಡತಿ ಫೋನು ಇಟ್ಟು, ವರದಿಗೆ ಕೈ ಚಾಚಿದಳು. ಅವನು ಕೊಡಲಿಲ್ಲ.

“ಮೇಡಂ, ಗಿಡ ಸತ್ತಿದ್ದು ನನ್ನಿಂದ.”

“ಏನು?”

“ತೂತಿನ ಮೇಲೆ ಕ್ಯಾಟಲಾಗ್ ಕಾಗದದ ಬಿಲ್ಲೆ ಹಾಕಿದ್ದು ನಾನು. ಅದು ನೀರು ಬಿಡಲ್ಲ. ಕೊಳೆಯೋದೂ ಇಲ್ಲ. ಅತ್ತಿಗೆ ಎಂದಿನಷ್ಟೇ ಹಾಕಿದ್ರು. ಕೆಳಗೆ ಹೋಗೋಕೆ ದಾರಿ ಇರ್ಲಿಲ್ಲ.”

ಒಡತಿ ಅವನನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು, ಮತ್ತೆ ಅವನನ್ನು. ಅವಳ ಮುಖ ಮೃದುವಾಯಿತು. ಅವನು ಎದುರುನೋಡದೆ ಇದ್ದದ್ದು ಅದೊಂದೇ.

“ನೀವು ಒಳ್ಳೆಯವರು ರೀ,” ಎಂದಳು. “ಈ ಕಾಲದಲ್ಲಿ ಅತ್ತಿಗೆಗೋಸ್ಕರ ಯಾರು ಹೀಗೆ ಮೈಮೇಲೆ ಎಳ್ಕೊತಾರೆ? ಆದ್ರೆ ಕಾಗದಕ್ಕೆ ಯಾಕೆ ಕೆಟ್ಟ ಹೆಸರು? ಅದು ನಾನೇ ಆರಿಸಿದ ಕಾಗದ, ಅಂಥಾ ಕಾಗದ ಈಗ ಸಿಗಲ್ಲ. ನಿಮ್ಮ ಲೆಕ್ಕಾನೇ ಇತ್ತಲ್ಲ ಹಲಗೆ ಮೇಲೆ, ಮುನ್ನೂರು ಗ್ರಾಂ ಅಂತ.”

“ಮಣ್ಣು ನಿಂತಿತು ಮೇಡಂ. ನೀರೂ ನಿಂತಿತು.”

“ಹಾಗಿದ್ರೆ ಹದಿನೆಂಟು ದಿನ ಯಾಕೆ ಹೇಳ್ಲಿಲ್ಲ?”

ಉತ್ತರ ಬರುವ ಮುಂಚೆ ಅತ್ತಿಗೆ ಗೋಡೆ ಬಿಟ್ಟು ಮುಂದೆ ಬಂದಳು.

“ಅವನ ಮಾತು ಕೇಳ್ಬೇಡಿ ಮೇಡಂ. ಸುಳ್ಳು ಹೇಳ್ತಿದಾನೆ. ಚಿಕ್ಕವನಿಂದಲೂ ಹೀಗೇ, ನನಗೆ ಯಾರಾದ್ರೂ ಬೈದ್ರೆ ಇವನಿಗೆ ತಡೆಯಲ್ಲ. ಒಂದ್ಸಲ ನಮ್ಮತ್ತೆ ನನಗೆ ಬೈದ್ರು ಅಂತ ಅನ್ನದ ತಟ್ಟೆ ಮುಂದೆ ಕೂತು ಅತ್ತಿದ್ದ, ಗೊತ್ತಾ?” ಅವನ ಕಡೆ ತಿರುಗಿ, ಒಡತಿಗೆ ಕೇಳುವಂತೆಯೇ ಗದರಿದಳು. “ಸುಮ್ನಿರು. ನನ್ನ ಕೈ ನಂಗೆ ಗೊತ್ತಿಲ್ವಾ? ಭಾರ ಇಲ್ದೆ ಇದ್ದಿದ್ದು ಭಾರ ಅನ್ನಿಸ್ತು. ಹಾಗೇ ನೀರೂ ಹೆಚ್ಚು ಬಿದ್ದಿರತ್ತೆ. ಕುಂಡ ತೊಳೀತೀನಿ, ಅದಕ್ಕೇನಂತೆ. ಅದನ್ನ ಅಳೆದು ಮಾಡ್ಬೇಕಾಗಿಲ್ಲ.”

“ಮುಗೀತಲ್ಲ,” ಎಂದಳು ಒಡತಿ. “ಸೋಮವಾರದಿಂದ ತೊಟ್ಟಿ ಹತ್ರ.”

ಹೊರಗೆ ಬಿಸಿಲು ಚುರುಕಾಗಿತ್ತು. ಅವನು ಹೇಳಿದ್ದ. ಹೇಳಿದ ಮೇಲೆ ಮುಗಿಯಿತು ಎಂಬ ಒಂದು ದಾರಿ ಅವನ ಮುಂದೆ ಶುಭ್ರವಾಗಿ ತೆರೆದುಕೊಂಡಿತು: ನಿಜ ನುಡಿದವನ ನೆಮ್ಮದಿ, ಒಳ್ಳೆಯವನೆಂಬ ಹೆಸರು, ಎರಡೂ ಒಟ್ಟಿಗೆ. ಮಣ್ಣಿನವನಿಗೂ ಸುದ್ದಿ ಮುಟ್ಟಿರಬೇಕು. ಅವನು ಹಾದು ಹೋಗುವಾಗ ಮಣ್ಣಿನವನು ಮೊದಲ ಸಲ ಎದ್ದು ನಿಂತ. ಆ ಎದ್ದು ನಿಂತದ್ದನ್ನು ಅವನಿಂದ ಸಹಿಸಲಾಗಲಿಲ್ಲ. ನಡೆಯುತ್ತಿದ್ದವನು ಬಿರುಸಾಗಿ ನಡೆದ, ಶೆಡ್ಡಿನ ಹಿಂದಕ್ಕೆ ಬಂದ, ಗೊಬ್ಬರದ ಗುಂಡಿಗೆ ಇಳಿದ.

ಮೇಲೆ ಎರಡು ವಾರದ ಕಸ ಬಿದ್ದಿತ್ತು. ಗುದ್ದಲಿ ತರಲು ಹೋದರೆ ಮನಸ್ಸು ಬದಲಾಗಬಹುದೆಂದು ಕೈಯಿಂದಲೇ ಬಗೆದ. ಒಣ ಹುಲ್ಲು, ಅದರ ಕೆಳಗೆ ಬೆಚ್ಚಗೆ ಕೊಳೆಯುತ್ತಿದ್ದ ಎಲೆ, ಅದರ ಕೆಳಗೆ ಎರೆಹುಳು. ಸಾವಿರದ ನೂರ ಹನ್ನೆರಡು ಸಸಿಗಳು ಎಲ್ಲಿ ಹೋದವೆಂದು ತಿಳಿಯಲಿಲ್ಲ. ಒಂದು ಕಾಂಡ ಕೂಡ ಉಳಿದಿರಲಿಲ್ಲ. ಮೊಣಕೈವರೆಗೆ ಹೋದಾಗ ಬೆರಳಿಗೆ ನುಣುಪು ತಾಕಿತು. ಎಳೆದ. ಅರ್ಧ ಗುಲಾಬಿ. ಕೆಸರು ಒರೆಸಿದರೆ ಬಣ್ಣ ಹಾಗೇ ಇತ್ತು. ಇನ್ನೊಂದು, ಮತ್ತೊಂದು, ಗೊಂಚಲು ಗೊಂಚಲಾಗಿ ಬಂದವು.

“ಏನು ಮಾಡ್ತಿದೀಯೋ ಅಲ್ಲಿ?” ಅತ್ತಿಗೆ ಗುಂಡಿಯ ಅಂಚಿನಲ್ಲಿ ನಿಂತಿದ್ದಳು. “ಹತ್ತು ಬಾ ಮೇಲೆ. ಜನ ನೋಡಿದ್ರೆ ಏನಂದ್ಕೊತಾರೆ?”

ಅವನು ಹತ್ತಿ ಬಂದು ಏಳೆಂಟು ಬಿಲ್ಲೆಗಳನ್ನು ಅವಳ ಕೈಗೆ ಕೊಟ್ಟ. ಅವಳು ಒಂದನ್ನು ಬೆರಳುಗಳ ನಡುವೆ ಹಿಡಿದು ತಿಕ್ಕಿದಳು. ಹರಿಯಲು ನೋಡಿದಳು, ಬಾಗಿತು, ಹರಿಯಲಿಲ್ಲ. ಪಕ್ಕದ ನಲ್ಲಿಯ ಹತ್ತಿರ ಹೋಗಿ, ಎಡಗೈ ಮುಷ್ಟಿ ಕಟ್ಟಿ, ಮುಷ್ಟಿಯ ಬಾಯಿಯ ಮೇಲೆ ಬಿಲ್ಲೆಯನ್ನು ಸ್ವಲ್ಪ ಒತ್ತಿ ಕೂರಿಸಿ, ಅದರ ಮೇಲೆ ನಾಲ್ಕು ಹನಿ ನೀರು ಬಿಟ್ಟಳು. ನೀರು ಗುಂಡಾಗಿ ಕೂತಿತು. ಅವಳು ಕಾದಳು. ಕೆಲಸದವರು ಊಟಕ್ಕೆ ಹೊರಟ ಸದ್ದು ಕೇಳಿತು, ಯಾರೋ ಯಾರನ್ನೋ ಕೂಗಿದರು, ನೀರು ಹಾಗೇ ಇತ್ತು. ಮುಷ್ಟಿ ಬಿಡಿಸಿ ಅಂಗೈ ನೋಡಿದಳು. ಒಣಗಿತ್ತು.

“ಹಾಗಾದ್ರೆ ಕುಂಡ ಭಾರ ಇತ್ತು,” ಎಂದಳು.

“ಇತ್ತು.”

“ನನ್ನ ಕೈ ಸರಿಯಾಗಿದೆ.”

“ಸರಿಯಾಗಿದೆ ಅತ್ತಿಗೆ.”

ಅವಳ ಮುಖದಲ್ಲಿ ಬಂದ ಸಂತೋಷವನ್ನು ಅವನು ನೋಡಿದ. ಅದು ಅವನಿಗೆ ಸಂಬಂಧಿಸಿದ್ದಾಗಿರಲಿಲ್ಲ. ಅವಳು ಬಲಗೈಯನ್ನು ಚಾಚಿ, ಬೆರಳು ಮಡಚಿ, ಬಿಡಿಸಿ, ಗಾಳಿಯಲ್ಲಿ ಏನನ್ನೋ ಎತ್ತಿ ಇಟ್ಟಳು. ಹತ್ತು ಹನ್ನೆರಡು ಎಣಿಸುವಷ್ಟು ಹೊತ್ತು ಅವಳ ಪಾಲಿಗೆ ಅವನು ಅಲ್ಲಿ ಇರಲೇ ಇಲ್ಲ. ಆಮೇಲೆ ಅವಳು ಅವನ ಕಡೆ ತಿರುಗಿದಳು.

“ನಿಂಗೆ ಯಾವತ್ತು ಗೊತ್ತಾಯ್ತು?”

ಇಂದು ಬೆಳಿಗ್ಗೆ ಎನ್ನಬಹುದಿತ್ತು. “ಹದಿನೇಳು ದಿನ ಆಯ್ತು.”

ಅವಳು ತುಟಿ ಅಲ್ಲಾಡಿಸುತ್ತಾ ಹಿಂದಕ್ಕೆ ಎಣಿಸಿದಳು. ಎಲ್ಲೋ ಒಂದು ಕಡೆ ನಿಂತಳು, ಅವನ ಮುಖವನ್ನು ಹುಡುಕುವವಳ ಹಾಗೆ ನೋಡಿದಳು, ಮತ್ತೆ ಎಣಿಸಿದಳು. “ಕೈಗೆ ಡಾಕ್ಟರು ಇರ್ತಾರಾ ಅಂತ ನಿನ್ನ ಕೇಳಿದ್ದು ಮೊನ್ನೆ,” ಎಂದಳು, ತನಗೇ ಹೇಳಿಕೊಳ್ಳುವಂತೆ. ಅವನು ಏನೋ ಹೇಳಲು ಹೊರಟ. ಅವಳು ಕೈ ಅಡ್ಡ ಹಿಡಿದಳು. “ಬೇಡ. ಊಟದ ಹೊತ್ತಾಯ್ತು. ಹೋಗು.”

ಬಿಲ್ಲೆಗಳನ್ನು ಕೆಸರು ಸಮೇತ ಸೆರಗಿನಲ್ಲಿ ಕಟ್ಟಿಕೊಂಡು ಅವಳೇ ಕಚೇರಿಗೆ ಹೋದಳು. ಒಡತಿಯ ಗಾಜಿನ ಮೇಜಿನ ಮೇಲೆ ಸುರಿದು ಏನು ಹೇಳಿದಳೋ ಅವನಿಗೆ ಕೇಳಿಸಲಿಲ್ಲ. ಗಾಜಿನ ಬಾಗಿಲ ಆಚೆಯಿಂದ ಅವಳ ಬೆನ್ನು ಮಾತ್ರ ಕಂಡಿತು. ಮಧ್ಯಾಹ್ನ ಎರಡು ಗಂಟೆಗೆ ಒಡತಿ ಅವನನ್ನು ಕರೆದು, ನೀರಿನ ಕೆಲಸ ಅತ್ತಿಗೆಯದೇ ಎಂದಳು. ಅವನ ವಿಷಯ ಆಮೇಲೆ ನೋಡೋಣ ಎಂದಳು.

ಆ ಭಾನುವಾರ ಅತ್ತಿಗೆ ಎರಡು ಚೀಲ ಹಿಡಿದು ಮಗಳ ಮನೆಗೆ ಹೋದಳು. ಅಲ್ಲಿಂದ ನರ್ಸರಿಗೆ ಎರಡು ಬಸ್ಸು ಬದಲಿಸಬೇಕು. ಮೊದಲನೆಯದು ಐದು ಗಂಟೆ ಹತ್ತು ನಿಮಿಷಕ್ಕೆ. ಸೋಮವಾರ ಗೇಟು ತೆಗೆಯುವಾಗ ಅವಳು ಹೊರಗೆ ನಿಂತಿದ್ದಳು.